ಹೂಂಗುಟ್ಟುವ ಯಂತ್ರ

ನಮ್ಮ ಕಡೆ ಕಾದಂಬರಿ ಬರೆದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಬರೆಯದೆ ತೆಪ್ಪಗಿರುವುದೊಂದೇ ಇದಕ್ಕೆ ಮದ್ದು. ನನಗದು ತಡವಾಗಿ ತಿಳಿಯಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅರಸೀಕೆರೆಯಲ್ಲಿ ಮೇಷ್ಟ್ರಾಗಿದ್ದ ನಾನು ಮುಂದೆ ಬರುವ ಕೆಟ್ಟ ಕಾಲದ ಕಥೆ ಬರೆದೆ. ಆ ಕಾಲದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವುದಿಲ್ಲ. ಅದಕ್ಕೇ ಸರ್ಕಾರ ಮನೆಗೊಂದು ಯಂತ್ರದ ಗೆಳತಿಯನ್ನು ಕೊಟ್ಟಿರುತ್ತದೆ. ಯಜಮಾನ ಏನು ಹೇಳಿದರೂ ಹೂಂಗುಟ್ಟುವುದು ಅದರ ಕೆಲಸ, ತಿರುಗಿ ಕೇಳುವಂತಿಲ್ಲ. ಇಡೀ ಕಥೆ ಹೇಳುವುದು ಆ ಯಂತ್ರವೇ. ಇದನ್ನು ಒಬ್ಬರಾದರೂ ಕೊನೆಯವರೆಗೆ ಓದಲಿ ಎಂಬುದಷ್ಟೇ ನನ್ನ ಆಸೆ.

ಬಿಡುಗಡೆ

ಸಮಾರಂಭ ಬೇಲೂರಿನಲ್ಲಿ. ಮುಖ್ಯ ಅತಿಥಿ ಒಬ್ಬ ಪುಢಾರಿ. ಪುಸ್ತಕವನ್ನು ಅವರು ಮೊದಲು ಕಂಡದ್ದೇ ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚಿದಾಗ. ಮುಖಪುಟದ ಯಂತ್ರವನ್ನು ದಿಟ್ಟಿಸಿ ನೋಡಿ ಮೈಕು ಹಿಡಿದರು.

"ಇಂಥ ಮಿಷನ್ನು ನಮ್ಮ ತಾಲ್ಲೂಕಿನ ಪ್ರತಿ ರೈತನಿಗೂ ಸಬ್ಸಿಡೀಲಿ ಕೊಡಿಸ್ತೀನಿ!"

ಚಪ್ಪಾಳೆಯೋ ಚಪ್ಪಾಳೆ. ಮುಗಿದ ಮೇಲೆ ಹಗರೆ ಊರಿನ ರೈತರೊಬ್ಬರು ಹತ್ತಿರ ಬಂದರು. ಓದುಗ ಸಿಕ್ಕನೆಂದು ಸಹಿ ಹಾಕಲು ಪೆನ್ನು ತೆಗೆದೆ.

"ಸಾ, ಇದು ಡೀಸೆಲ್ ಎಷ್ಟು ಕುಡೀತೈತೆ?"

ಸೀಟು

ನಮ್ಮ ಗಣಿತದ ಮೇಷ್ಟ್ರು ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ದಾರಿಯಲ್ಲಿ ಓದಲೆಂದು ಅವರಿಗೊಂದು ಪ್ರತಿ ಕೊಟ್ಟೆ. ಒಂದು ಸಂಜೆ ನಾನೂ ಹಳೇಬೀಡಿಗೆ ಹೊರಟಿದ್ದೆ. ಬಸ್ಸು ಬಂದು ನಿಲ್ಲುವ ಮೊದಲೇ ಜನ ಮುಗಿಬಿದ್ದರು. ನಮ್ಮ ಮೇಷ್ಟ್ರು ಕಿಟಕಿಯಿಂದ ನನ್ನ ಕಾದಂಬರಿಯನ್ನು ಸೀಟಿನ ಮೇಲೆ ಎಸೆದರು! ಸಿಟ್ಟು ನೆತ್ತಿಗೇರಿತು. ಏನ್ರೀ ಇದು ಎಂದೆ.

"ಟವೆಲ್ ಹಾಕಿದ್ರೆ ಎತ್ತಿ ಬಿಸಾಕಿ ಕೂತ್ಕೋತಾರೆ ಕಣ್ರೀ. ನಿಮ್ಮ ಪುಸ್ತಕಾನ ಯಾರೂ ಮುಟ್ಟಲ್ಲ."

ನಿಜ, ಯಾರೂ ಮುಟ್ಟಿರಲಿಲ್ಲ. ಅಷ್ಟು ದೂರ ನಿಂತು ಹೋಗುವವರು ಯಾರು? ಮರ್ಯಾದೆ ಬಿಟ್ಟು ಅವರ ಪಕ್ಕದಲ್ಲೇ ಕೂತೆ.

ಮನೆ

ಕೊನೆಗೆ ಉಳಿದವಳು ಹೆಂಡತಿ. ಅವರೆಕಾಯಿ ಸುಲಿಯುತ್ತಿದ್ದವಳ ಮುಂದೆ ಸಂಕಟ ತೋಡಿಕೊಂಡೆ. ಈ ಊರಿಗೆ ಓದುವ ಯೋಗ್ಯತೆಯಿಲ್ಲ ಎಂದೆ. "ಹೂಂ" ಅಂದಳು. ಮನುಷ್ಯರಿಗೆ ಕೇಳುವ ತಾಳ್ಮೆಯೇ ಸತ್ತಿದೆ ಎಂದೆ. "ಹೂಂ" ಅಂದಳು. ನೀನಾದರೂ ಓದಬಾರದಿತ್ತೇ ಎಂದು ಕೂಗಾಡಿದೆ.

"ಓದಿದೀನಿ ಕಣ್ರೀ. ಕೊನೇವರೆಗೂ."

ನನ್ನ ಕಣ್ಣು ತುಂಬಿ ಬಂತು. "ಹೇಗಿದೆ?"

"ಎಲ್ಲಾ ಸರಿಯಾಗೇ ಬರ್ದಿದೀರಿ. ಯಂತ್ರ ಯಂತ್ರ ಅಂತ ಯಾಕೆ ಬರೆದ್ರಿ? ನನ್ನ ಹೆಸ್ರೇ ಹಾಕ್ಬೋದಿತ್ತಲ್ಲ?"

ನಾನು ಬಯಸಿದ್ದ ಒಬ್ಬ ಓದುಗರು ಮನೆಯಲ್ಲೇ ಸಿಕ್ಕೇಬಿಟ್ಟಿದ್ದರು.

"ಹೂಂ" ಅಂದೆ.