ಮಂತ್ರಿಗಳಿಗೆ ಶಾಲು ಹೊದಿಸಿದ್ದು

ಒಂದು ವಯಸ್ಸು ದಾಟಿದ ಮೇಲೆ ಮನುಷ್ಯನಿಗೆ ಸಾರ್ವಜನಿಕ ಜೀವನದ ಚಪಲ ಹತ್ತುತ್ತದೆ. ಕೆಲವರು ದೇವಸ್ಥಾನದ ಸಮಿತಿ ಸೇರುತ್ತಾರೆ, ಕೆಲವರು ಅಪಾರ್ಟ್‌ಮೆಂಟಿನ ಲಿಫ್ಟಿನ ಬಗ್ಗೆ ಸಭೆ ಕರೆಯುತ್ತಾರೆ. ನಾನು ವಾಣಿಜ್ಯ ಮಂಡಳಿ ಸೇರಿದೆ. ನಾಡಿನ ಉದ್ಯಮವನ್ನು ಉದ್ಧರಿಸುವ ಆಸೆಯೇನೂ ನನಗಿರಲಿಲ್ಲ. ತ್ರಿಪ್ಲಿಕೇನಿನ ನನ್ನ ಹೋಟೆಲಿನ ಬಾಗಿಲಿಗೇ ಮಳೆನೀರಿನ ಕಾಲುವೆಗೆಂದು ಹೊಂಡ ತೋಡಿ, ತೋಡಿದವರು ಹಾಗೇ ಹೊರಟುಹೋಗಿದ್ದರು. ದಾಟಲು ಒಂದು ಹಲಗೆ. ನನ್ನ ಇಡ್ಲಿಗೆ ಹೆಸರಿದೆ ನಿಜ, ಆದರೆ ಪ್ರಾಣದ ಹಂಗು ತೊರೆದು ಬಂದು ತಿನ್ನುವಷ್ಟಿಲ್ಲ. ಬೆಳಗ್ಗೆ ತುಂಬಿರುತ್ತಿದ್ದ ಮೇಜುಗಳು ಖಾಲಿಯಾದವು. ಹೀಗೇ ಆದರೆ ಅಪ್ಪ ಕಟ್ಟಿದ ಹೋಟೆಲಿಗೆ ಬೀಗ ಬೀಳುತ್ತದೆಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮಂಡಳಿಯ ಅಧ್ಯಕ್ಷರು ಟಿ. ನಗರದ ದೊಡ್ಡ ಜವಳಿ ವ್ಯಾಪಾರಿ. ಒಬ್ಬೊಬ್ಬರೇ ಹೋದರೆ ಯಾರೂ ಕೇಳುವುದಿಲ್ಲ, ನಿಯೋಗವಾಗಿ ಮಂತ್ರಿಗಳ ಹತ್ತಿರವೇ ಹೋಗೋಣ ಎಂದು ಧೈರ್ಯ ಕೊಟ್ಟರು. ಮನವಿ ಬರೆಯುವ ಕೆಲಸ ಕಾಫಿ ಬರುವುದರೊಳಗೆ ಮುಗಿಯಿತು. ಮಂತ್ರಿಗಳಿಗೆ ಮೊದಲ ಶಾಲು ಯಾರು ಹೊದಿಸಬೇಕೆಂಬ ಚರ್ಚೆ ಮಾತ್ರ ಊಟದ ಹೊತ್ತಾದರೂ ಮುಗಿಯಲಿಲ್ಲ. ಈ ಊರಿನಲ್ಲಿ ಶಾಲು ಹೊದಿಸದೆ ಯಾರೂ ದೊಡ್ಡವರ ಮುಂದೆ ಬಾಯಿ ತೆರೆಯುವುದಿಲ್ಲ. ಕೊನೆಗೆ ಎಲ್ಲರೂ ಒಂದೊಂದು ಹೊದಿಸುವುದು, ಪ್ರತಿ ಶಾಲಿಗೂ ಒಂದು ಫೋಟೊ ಎಂದು ಒಮ್ಮತ ಮೂಡಿತು. ಶಾಲುಗಳು ಅಧ್ಯಕ್ಷರ ಅಂಗಡಿಯಿಂದಲೇ ಬಂದವು.

“ನೀವು ಬೇರೆ ಎಂತ ಸಹ ಮಾತಾಡ್ಲಿಕ್ಕೆ ಹೋಗ್ಬೇಡಿ. ಮೊದ್ಲು ಹೊಂಡದ್ದು ಹೇಳಿ, ಆಯ್ತಾ?” ಎಂದು ಹೆಂಡತಿ ಎಚ್ಚರಿಸಿ ಕಳಿಸಿದಳು.

ಮಂತ್ರಿಗಳು ಒಳ್ಳೆಯ ಮನುಷ್ಯರು, ಎದ್ದು ನಿಂತೇ ಬರಮಾಡಿಕೊಂಡರು. ಮುಂದಿನಿಂದ ನಾವು ಹೊದಿಸಿದ್ದನ್ನು ಹಿಂದಿನಿಂದ ಅವರ ಸಹಾಯಕ ಎಳೆದು ಮೇಜಿನ ಮೇಲೆ ಒಟ್ಟುತ್ತಿದ್ದ. ಫೋಟೊದಲ್ಲಿ ನಮ್ಮ ಮಂಡಳಿಯ ಖಜಾಂಚಿಯ ಕಣ್ಣು ಮುಚ್ಚಿಹೋಗಿತ್ತು. ರಾಶಿಯಿಂದ ಅವರ ಶಾಲನ್ನು ಹುಡುಕಿ ತೆಗೆದು ಇನ್ನೊಮ್ಮೆ ಹೊದಿಸಬೇಕಾಯಿತು. ಹೊಸಬನಾದ ನನ್ನ ಸರದಿ ಕಡೆಗೆ. ನಾನು ಹೊದಿಸಿದ ಮೇಲೆ ಮಂತ್ರಿಗಳು ನನ್ನ ಕೈ ಹಿಡಿದು, “ಸೊಲ್ಲುಂಗ” ಎಂದರು. ಹೇಳಿ ಎಂದು ಅಷ್ಟು ಆದರದಿಂದ ಸರ್ಕಾರ ನನ್ನನ್ನು ಎಂದೂ ಕೇಳಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋಟೊದವನು, “ಸಾರ್, ಇಂಗ ಪಾರುಂಗ” ಎಂದ. ನಾನು ಅತ್ತ ನೋಡಿ ನಕ್ಕೆ. ಇತ್ತ ತಿರುಗುವಷ್ಟರಲ್ಲಿ ಮಂತ್ರಿಗಳು ಇನ್ನೊಂದು ಮೀಟಿಂಗಿಗೆ ಹೊರಟಾಗಿತ್ತು. ಅಧ್ಯಕ್ಷರು ಮನವಿಯನ್ನು ಸಹಾಯಕನಿಗೆ ಕೊಟ್ಟರು. ಅವನು ಅದನ್ನು ಶಾಲುಗಳ ಜೊತೆಗೆ ಸೇರಿಸಿ ಗಂಟು ಕಟ್ಟಿದ.

ಮನೆಗೆ ಬಂದಾಗ ಹೆಂಡತಿ, “ಹೇಳಿದ್ರಾ?” ಎಂದಳು. ಫೋಟೊ ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನೂ ನೋಡಿದಳು, ಒಳಗೆ ಹೋದಳು. ಮಗಳು ಮಾತ್ರ, “ಸೂಪರಾ ಇರುಕ್ಕುಪ್ಪಾ” ಎಂದು ಮೆಚ್ಚಿದಳು. ಫೋಟೊಗೆ ಕಟ್ಟು ಹಾಕಿಸಿ ಹೋಟೆಲಿನ ಗಲ್ಲಾದ ಮೇಲೆ ತೂಗುಹಾಕಿದೆ.

ಇದರ ಪರಿಣಾಮ ನಾನು ಎಣಿಸಿದಂತೆ ಆಗಲಿಲ್ಲ. ಫೋಟೊ ನೋಡಿದ ನಮ್ಮ ಬೀದಿಯ ಅಂಗಡಿಯವರೆಲ್ಲ, ಎದುರಿನ ಔಷಧಿ ಅಂಗಡಿಯ ಸೆಲ್ವಂ ಮುಂದಾಳಾಗಿ, ಒಂದು ಬೆಳಗ್ಗೆ ಒಬ್ಬೊಬ್ಬರಾಗಿ ಹಲಗೆ ದಾಟಿ ಬಂದರು. “ಅಣ್ಣಾ, ನೀಂಗ ಸೊನ್ನಾ ನಡಕ್ಕುಂ,” ನೀವು ಹೇಳಿದರೆ ಆಗುತ್ತದೆ, ಎನ್ನುತ್ತ ಸೆಲ್ವಂ ನನಗೊಂದು ಶಾಲು ಹೊದಿಸಿದರು. ಉಳಿದವರು ಹೊಂಡದಿಂದ ತಮಗಾಗುತ್ತಿರುವ ಕಷ್ಟವನ್ನು ಒಂದೊಂದಾಗಿ ಹೇಳತೊಡಗಿದರು. ನಾನು ಗಂಭೀರವಾಗಿ ತಲೆಯಾಡಿಸುತ್ತ, ಇವರಲ್ಲಿ ಫೋಟೊ ತೆಗೆಯುವವರು ಯಾರೆಂದು ನೋಡುತ್ತಿದ್ದೆ.