ಕಮಲಾಪುರದ ಎರಡನೇ ಪಂಚ

ಸಮನ್ಸು ಮೂರನೇ ಸಲವೂ ಹೋದ ದಾರಿಯಲ್ಲೇ ವಾಪಸು ಬಂತು. ಹಿಂಬದಿಯಲ್ಲಿ ಪೊಲೀಸರು ಬರೆದ ಒಂದೇ ಸಾಲು: "ಪೀರಪ್ಪ, ಬಾಳೆಹಣ್ಣಿನ ವ್ಯಾಪಾರಿ, ಕಮಲಾಪುರ. ಸದರಿಯವರು ಊರಲ್ಲಿ ಸಿಗಲಿಲ್ಲ."

ಬೇರೆ ಗುಮಾಸ್ತನಾಗಿದ್ದರೆ ಅದನ್ನು ಫೈಲಿಗೆ ಪೋಣಿಸಿ ಚಹಾಕ್ಕೆ ಹೋಗುತ್ತಿದ್ದ. ಆದರೆ ದತ್ತಪ್ಪನನ್ನು ಗುಮಾಸ್ತ ಎನ್ನುವ ಧೈರ್ಯ ಯಾರಿಗಿದೆ? ಕಲಬುರಗಿಯಲ್ಲಿ ಸರ್ಕಾರಿ ವಕೀಲರ ಕೈಕೆಳಗೆ ಇಪ್ಪತ್ತಾರು ವರ್ಷ ಕುರ್ಚಿ ಸವೆಸಿದ ಹಿರಿಯ ಕಾನೂನು ಸಹಾಯಕ ಅವನು. ಆ 'ಹಿರಿಯ' ಬಿಟ್ಟು ಕರೆದರೆ ಸ್ವಂತ ಹೆಂಡತಿಯ ಕಡೆಗೂ ತಿರುಗಿ ನೋಡುವವನಲ್ಲ. ಸಾಕ್ಷಿಗಳಿಗೆ ತಾಲೀಮು ಕೊಟ್ಟು ಕಟಕಟೆ ಹತ್ತಿಸುವುದು ಅವನ ಕೆಲಸ. "ನಾ ತಯಾರ್ ಮಾಡಿದ ಸಾಕ್ಷಿ ಇಲ್ಲೀತನ ಒಬ್ಬನೂ ಉಲ್ಟಾ ಹೊಡದಿಲ್ಲ" ಎಂಬ ಮಾತನ್ನು ದಿನಕ್ಕೆರಡು ಸಲ ಹೇಳದಿದ್ದರೆ ಅವನಿಗೆ ತಿಂದ ರೊಟ್ಟಿ ಕರಗುತ್ತಿರಲಿಲ್ಲ.

ಪ್ರಕರಣವೇನೂ ದೊಡ್ಡದಲ್ಲ. ನಾಲ್ಕು ವರ್ಷದ ಹಿಂದೆ ಕಮಲಾಪುರದ ಕಸ್ತೂರಿಬಾಯಿಯ ಬಾಳೆತೋಟದಿಂದ ನೀರೆತ್ತುವ ಮೋಟಾರು ಕಳುವಾಗಿತ್ತು. ಎರಡೇ ದಿನಕ್ಕೆ ಅದು ಅಮರನಾಥ ಎಂಬ ಗುಜರಿ ವ್ಯಾಪಾರಿಯ ಟೆಂಪೋದಲ್ಲಿ ಸಿಕ್ಕಿತು. ಪೊಲೀಸರು ಕಮಲಾಪುರದ ರಸ್ತೆಬದಿಯಲ್ಲೇ ಜಪ್ತಿ ಮಾಡಿ, ಕಣ್ಣಾರೆ ಕಂಡವರೆಂದು ಇಬ್ಬರು ಪಂಚರ ಸಹಿ ಹಾಕಿಸಿಕೊಂಡರು. ಮೊದಲನೇ ಪಂಚ ಹೋದ ವರ್ಷ ತೀರಿಕೊಂಡ. ಎರಡನೆಯವನೇ ಈ ಪೀರಪ್ಪ. ಅವನು ಬಂದು "ಹೌದು, ನನ್ನೆದುರಿಗೇ ಜಪ್ತಿಯಾಯಿತು" ಎನ್ನದಿದ್ದರೆ ಅಮರನಾಥ ಮೀಸೆ ತಿರುವುತ್ತ ಮನೆಗೆ ಹೋಗುತ್ತಾನೆ, ಮೋಟಾರೂ ಅವನ ಹಿಂದೆಯೇ ಹೋಗುತ್ತದೆ. ಇವತ್ತು ಸಂಜೆ ನಾಲ್ಕು ಗಂಟೆಯೇ ಕೊನೆಯ ಅವಕಾಶ ಎಂದು ನ್ಯಾಯಾಧೀಶರು ಹೇಳಿಯಾಗಿತ್ತು.

"ಹೆಂಗ್ ಮಾಡೋದ್ರಿ ದತ್ತಪ್ಪನವರ?" ಎಂದು ಸರ್ಕಾರಿ ವಕೀಲೆ ಅಂಬಿಕಾ ಮೇಡಂ ಕೇಳಿದರು. ಅವರ ಮೊಣಕೈ ಕೆಳಗೆ ಒಂದು ಫೈಲು ಬಿದ್ದಿತ್ತು. ದತ್ತಪ್ಪನನ್ನು ಕಚೇರಿಯ ಅಧೀಕ್ಷಕನನ್ನಾಗಿ ಮಾಡುವ ಬಡ್ತಿಯ ಫೈಲು ಅದು. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಒಂದು ಬಾಗಿಲ ಮೇಲೆ ತನ್ನ ಹೆಸರಿನ ಹಲಗೆ ನೋಡದೆ ಮನೆಗೆ ಹೋಗುವ ವಿಚಾರ ಬಂದರೇ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಪಾತಾಳದಾಗಿದ್ರೂ ಕೊರಳಪಟ್ಟಿ ಹಿಡದು ತರ್ತೀನ್ರಿ ಮೇಡಂ! ಸಹಿ ಹಾಕೋ ಮುಂದ ಕೈ ಇರ್ತಾವ, ಸಾಕ್ಷಿ ಹೇಳೋ ಮುಂದ ಕಾಲ ಇರಂಗಿಲ್ಲ ಈ ಹಲ್ಕಟ್ ಮಂದೀಗ. ಇಂಥವ್ರಿಂದೇ ದೇಶ ಹಾಳಾಗ್ಯಾದ."

"ತಂದ್ರಂದ್ರ ಸಂಜೀಕೇ ಇದಕ್ಕ ಸಹಿ ಹಾಕ್ತೀನಿ. ಆದ್ರ ಬಂದಾವ ಉಲ್ಟಾ ಹೊಡದ್ರ?"

ಅದಕ್ಕೂ ದತ್ತಪ್ಪನಲ್ಲಿ ಮದ್ದು ತಯಾರಿತ್ತು. ಉಲ್ಟಾ ಹೊಡೆದ ಸಾಕ್ಷಿಯನ್ನು ಹಿಂಡಲು ಹತ್ತು ಪ್ರಶ್ನೆ ಬರೆದ ಹಾಳೆಯನ್ನು ಅವನು ಮೇಡಂ ಮುಂದೆ ಇಟ್ಟ. ಆರನೇ ಪ್ರಶ್ನೆಯ ಪಕ್ಕದಲ್ಲಿ ಕೆಂಪು ಶಾಯಿಯ ಷರಾ ಇತ್ತು: "ಇಲ್ಲಿಗೆ ಸಾಕ್ಷಿ ಬೆವರಿ ನೀರು ಕೇಳುತ್ತಾನೆ. ಕೊಡಬಾರದು." ಕೆಳಗೆ ಅವನ ಸಹಿ, ಸಹಿಯ ಅಡಿಗೆ ಎರಡು ಗೆರೆ, ಗೆರೆಗಳ ನಡುವೆ ಮೂರು ಚುಕ್ಕೆ. ಹಾಲಿನವನ ಚೀಟಿಗೂ ಅವನು ಅಷ್ಟು ಅಲಂಕಾರ ಮಾಡದೆ ಬಿಡುತ್ತಿರಲಿಲ್ಲ.

ಕೋರ್ಟಿನ ಪೇದೆ ಬುರ್ಹಾನುದ್ದೀನನ ಬೈಕಿನ ಹಿಂದೆ ಕುಳಿತು ದತ್ತಪ್ಪ ಹೊರಟ. ಏಪ್ರಿಲ್ ತಿಂಗಳ ಬಿಸಿಲು ತಲೆ ಸುಡುತ್ತಿತ್ತು. ಬಾಯಿಗೆ ಮಾತ್ರ ದಣಿವಿರಲಿಲ್ಲ. ದಾರಿಯುದ್ದಕ್ಕೂ ಅವನು ಪೀರಪ್ಪನ ಏಳು ತಲೆಮಾರನ್ನು ಜಾಲಾಡಿದ.

"ಕಾನೂನಿಗೆ ಹೆದರಿ ಓಡೋ ಹೇಡಿ ಅವ. ಸಿಗ್ಲಿ ನನ್ನ ಕೈಗೆ!"

"ಬಿಡ್ರಿ ಸಾಬ್, ಪಾಪ, ಬಡವ ಇರಬೇಕು," ಎಂದ ಬುರ್ಹಾನುದ್ದೀನ್. ಅವನದು ಇರುವೆಗೂ ದಾರಿ ಬಿಡುವ ಸ್ವಭಾವ.

"ಬಡವ ಅಲ್ಲೋ ಮಾರಾಯಾ, ಕಳ್ಳ! ಆ ಅಮರನಾಥಗಿಂತ ದೊಡ್ಡ ಕಳ್ಳ!"

ಕಮಲಾಪುರದ ಬಸ್ ನಿಲ್ದಾಣದ ಎದುರು ಮೆಹಬೂಬಿಯ ಚಹಾದಂಗಡಿ. ದತ್ತಪ್ಪ ಅಲ್ಲಿ ನಿಂತು ಪೀರಪ್ಪನ ಹೆಸರು ಎತ್ತಿದ್ದೇ ತಡ, ಊರಿನ ಅರ್ಧ ಮಂದಿ ಕೆಲಸ ಬಿಟ್ಟು ಬಂದು ಸೇರಿದರು. ಕೇಳಿದ್ದು ಒಬ್ಬ ಪೀರಪ್ಪನನ್ನು, ಅವರು ಕೊಟ್ಟದ್ದು ಮೂವರನ್ನು. ಒಬ್ಬನಿಗೆ ಕಿವಿ ಕೇಳಿಸದು. ಅವನು "ಪಿಂಚಣಿ ಬಂತೇನ್ರಿ?" ಎಂದು ದತ್ತಪ್ಪನ ಕೈ ಹಿಡಿದು ಬಿಡಲೇ ಇಲ್ಲ. ಇನ್ನೊಬ್ಬ ಪುಣೆಗೆ ಹೋಗಿ ಆರು ವರ್ಷವಾಗಿತ್ತು. ಮೂರನೆಯವನು ಖಾಕಿ ಕಂಡದ್ದೇ ಹಿತ್ತಿಲ ಗೋಡೆ ಹಾರಿ ಓಡಿದ. ದತ್ತಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಬಾಳೆತೋಟದ ಕೆಸರಿನಲ್ಲಿ ಅವನನ್ನು ಅಟ್ಟಿಸಿಕೊಂಡು ಹೋದ. ಹಿಡಿದ ಮೇಲೆ ಗೊತ್ತಾದದ್ದು, ಅವನು ಮೀಟರು ಇಲ್ಲದೆ ಕರೆಂಟು ಎಳೆದವನಂತೆ. ಬಾಳೆಹಣ್ಣಿನ ವ್ಯಾಪಾರ ಅವನ ಮನೆತನದಲ್ಲೇ ಯಾರೂ ಮಾಡಿರಲಿಲ್ಲ.

ಮೊಣಕಾಲ ಮಟ ಕೆಸರು ಮೆತ್ತಿಕೊಂಡು ಬಂದ ದತ್ತಪ್ಪನನ್ನು ನೋಡಿ ಮೆಹಬೂಬಿಗೆ ಕನಿಕರ ಹುಟ್ಟಿತು. "ಸುಮ್ನ ಯಾಕ ಓಡ್ತೀರಿ ಸಾಬ್? ಮೋಟಾರ್ ಕಳಕೊಂಡಾಕಿ ಕಸ್ತೂರಕ್ಕ ಅಲ್ಲೇ ಕುಂತಾಳ, ಬಸ್‌ಸ್ಟ್ಯಾಂಡಿನ ಆ ಕಡಿ. ಜಪ್ತಿ ಆಗೋ ಮುಂದ ಆಕಿ ಅಲ್ಲೇ ಹಣ್ಣು ಮಾರ್ತಿದ್ಲು. ಆಕೀಗ ಕೇಳ್ರಿ."

ಕಸ್ತೂರಿಬಾಯಿ ಗೋಣಿಚೀಲದ ಮೇಲೆ ಕೆಂಪು ಬಾಳೆಹಣ್ಣು ಹರಡಿಕೊಂಡು ಕುಳಿತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದತ್ತಪ್ಪ ಏದುಸಿರು ಬಿಡುತ್ತ ಬಂದು ನಿಲ್ಲುವಷ್ಟರಲ್ಲಿ ಬುರ್ಹಾನುದ್ದೀನ್ ವಿಷಯ ಕೇಳಿ ಮುಗಿಸಿದ್ದ.

"ಪೀರಪ್ಪ ನಮ್ಮೂರಾವಲ್ಲೋ ಯಪ್ಪಾ," ಎಂದಳು ಕಸ್ತೂರಿಬಾಯಿ. "ಅವ ಹುಮನಾಬಾದ್ ಕಡಿಂದ ಕಾರಿನಾಗ ಬಂದಾವ. ಒಂದ್ ಡಜನ್ ಹಣ್ಣಿಗೆ ಅರ್ಧ ತಾಸು ಚೌಕಾಸಿ ಮಾಡ್ದ. 'ನಾ ಯಾರಂತ ಗೊತ್ತೇನು? ಹಿರಿಯ ಮನಷ್ಯಾ ನಾ!' ಅಂತ ಒದರ್ತಿದ್ದ. ಅಷ್ಟರಾಗ ಪೊಲೀಸ್ರು ಬಂದು, ಪಂಚ ಆಗ್ರಿ, ಹೆಸರು ಹೇಳ್ರಿ ಅಂದ್ರು. ಅವ ನನ್ನ ಬುಟ್ಟಿ ಕಡಿ ನೋಡ್ದ, 'ಪೀರಪ್ಪ, ಬಾಳಿಹಣ್ಣಿನ ವ್ಯಾಪಾರಿ' ಅಂದ, ಸಹಿ ಹೊಡ್ದ. ಹೋಗೋ ಮುಂದ ಎರಡ್ ಹಣ್ಣು ಜಾಸ್ತಿ ಎತಗೊಂಡು ಹೋದ, ಹಾಳಾದಾವ."

"ಇದನ್ನ ಮೊದಲೇ ಯಾಕ ಹೇಳಿಲ್ಲಕ್ಕಾ?" ಎಂದ ಬುರ್ಹಾನುದ್ದೀನ್.

"ನನ್ನ ಯಾರ್ ಕೇಳ್ಯಾರ? ಈಗ ಕಣ್ಣು ಮಂಜಾಗ್ಯಾವ, ಮುಖ ತಿಳಿಯಂಗಿಲ್ಲ. ದನಿ ಮಾತ್ರ ಸಾವಿರ ಮಂದ್ಯಾಗ ಹಿಡೀತೀನಿ."

ದತ್ತಪ್ಪ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ.

ನಾಲ್ಕು ವರ್ಷದ ಹಿಂದೆ 'ತೀವ್ರ ವಾಂತಿಭೇದಿ' ಎಂದು ರಜೆ ಅರ್ಜಿ ಕೊಟ್ಟು, ಹುಮನಾಬಾದಿನಲ್ಲಿ ನಾದಿನಿಯ ಸೀಮಂತದ ಹೋಳಿಗೆ ಉಂಡು, ಷಡ್ಡಕನ ಕಾರಿನಲ್ಲಿ ಮರಳಿ ಬರುತ್ತಿದ್ದವನು ಯಾರು? ಕೆಂಪು ಬಾಳೆಹಣ್ಣು ಕಂಡು ಇಳಿದವನು ಯಾರು? ಠಾಣೆಗೆ ಹೊಸದಾಗಿ ಬಂದಿದ್ದ ಎಸ್.ಐ.ಗೆ ಅವನ ಗುರುತಿರಲಿಲ್ಲ. ಪಂಚನಾದವನು ಎಷ್ಟು ವರ್ಷ ಕೋರ್ಟಿಗೆ ಅಲೆಯಬೇಕೆಂಬುದು ಅವನಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಬಾಯಿಗೆ ಬಂದ ಹೆಸರು ಹೇಳಿ, ಸಹಿ ಗೀಚಿ, ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ಮರೆತೂ ಬಿಟ್ಟಿದ್ದ. ಈಗಿನ ಹಾಗೆ ಆಗ ಜಪ್ತಿಯ ವಿಡಿಯೋ ತೆಗೆಯುತ್ತಿರಲಿಲ್ಲ. ಮೂಲ ಪಂಚನಾಮೆಯನ್ನಾದರೂ ಒಮ್ಮೆ ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಟೈಪಾದ ಪ್ರತಿ ಓದಿದರೆ ಸಾಕು ಎನ್ನುವ ಪಂಡಿತ ಅವನು.

"ಕೇಳಿದ್ರೇನ್ ಸಾಬ್?" ಎಂದು ಬುರ್ಹಾನುದ್ದೀನ್ ತಿರುಗಿದ.

ದತ್ತಪ್ಪ ಬಾಯಿ ತೆರೆದವನು ಕಸ್ತೂರಿಬಾಯಿಯ ಕಿವಿ ನೋಡಿ ಟಪ್ಪನೆ ಮುಚ್ಚಿದ. ಗಂಟಲು ಮುಟ್ಟಿಕೊಂಡು ಕೈಯಾಡಿಸಿದ.

"ಅರೇ ಅಲ್ಲಾ! ಸಾಹೇಬ್ರ ದನೀನೇ ಹೋಗ್ಯಾದ! ಮುಂಜಾನಿಂದ ಒದರಿ ಒದರಿ ಗಂಟಲು ಹರದದ!"

ಇಷ್ಟು ಸಾಕಾಯಿತು. ಮೆಹಬೂಬಿ ಅರಿಸಿನ ಹಾಕಿದ ಬಿಸಿನೀರು ತಂದು ನಾಲಿಗೆ ಸುಡುವ ಹಾಗೆ ಕುಡಿಸಿದಳು. ಯಾರೋ ಗಂಟಲಿಗೆ ಸುಣ್ಣ ಹಚ್ಚಿದರು. ಇನ್ನು ಯಾರೋ, ಗಾಳಿ ಬಡಿಯಬಾರದೆಂದು, ಆ ಬಿಸಿಲಿನಲ್ಲಿ ಉಣ್ಣೆಯ ಮಫ್ಲರನ್ನು ಮೂರು ಸುತ್ತು ಸುತ್ತಿದರು. ಕಿವುಡ ಪೀರಪ್ಪ ಮಾತ್ರ ಇನ್ನೂ ಪಿಂಚಣಿ ಕೇಳುತ್ತಲೇ ಇದ್ದ.

"ನಾನೂ ಕೋರ್ಟಿಗೆ ಬರ್ತೀನಿ," ಎಂದು ಕಸ್ತೂರಿಬಾಯಿ ಎದ್ದಳು. "ನಾಕ್ ವರ್ಷದಿಂದ ನನ್ನ ಮೋಟಾರ್ ಠಾಣ್ಯಾಗ ತುಕ್ಕು ಹಿಡೀಲಾಕತ್ತದ. ನಾ ಕೊಡಾ ಹೊತ್ತು ಗಿಡಕ್ಕ ನೀರು ಹಾಕ್ಲಾಕತ್ತೀನಿ. ಅದು ಕಳ್ಳನ ಮನಿಗಿ ಹೋಗೋದಿದ್ರ ನನ್ನ ಮುಂದೇ ಹೋಗ್ಲಿ."

ದತ್ತಪ್ಪ ಬೇಡವೆಂದು ಎರಡೂ ಕೈ ಬೀಸಿದ. "ನೋಡ್ ಅಕ್ಕಾ, ಬಾ ಬಾ ಅಂತ ಕರೀಲಾಕತ್ತಾರ, ದೊಡ್ಡ ಮನಸು," ಎಂದು ಬುರ್ಹಾನುದ್ದೀನ್ ಅವಳನ್ನು ಬೈಕಿನ ಹಿಂದೆ ಕೂರಿಸಿಯೇ ಬಿಟ್ಟ. ಹೀಗೆ ಪೇದೆಯ ಬೆನ್ನಿಗೂ ಕಸ್ತೂರಿಬಾಯಿಯ ಹಣ್ಣಿನ ಬುಟ್ಟಿಗೂ ನಡುವೆ ಸಿಕ್ಕಿಕೊಂಡು, ಹಿರಿಯ ಕಾನೂನು ಸಹಾಯಕ ತುಟಿ ಬಿಚ್ಚದೆ ಕಲಬುರಗಿಗೆ ಬಂದ.

ಕೋರ್ಟ್ ಹಾಲಿನಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅಮರನಾಥ ಆಗಲೇ ಖುಲಾಸೆಯಾದವನಂತೆ ನಿಂತಿದ್ದ.

"ಪೀರಪ್ಪ ಎಲ್ಲಿ?" ಎಂದರು ನ್ಯಾಯಾಧೀಶರು.

ದತ್ತಪ್ಪ ಮಫ್ಲರ್ ತೋರಿಸಿ ತಲೆಯಾಡಿಸಿದ. ಹಿಂದಿನ ಬೆಂಚಿನಲ್ಲಿ ಕಸ್ತೂರಿಬಾಯಿ ಕಿವಿ ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು.

"ಬಾಯಿ ಹೋಗಿದ್ದರೆ ಕೈ ಇದೆಯಲ್ಲ. ಬರೆದು ಕೊಡಲಿ."

ದತ್ತಪ್ಪನ ಮುಖಕ್ಕೆ ಕಳೆ ಬಂತು. ಬರೆಯುವುದೆಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. 'ಸದರಿ ಪೀರಪ್ಪನನ್ನು ಎಲ್ಲೆಡೆ ಹುಡುಕಿದರೂ ಪತ್ತೆಯಾಗಿಲ್ಲ, ಮುಂದೆಯೂ ಪತ್ತೆಯಾಗುವ ಸಂಭವವಿಲ್ಲ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ. ಕೈ ತನ್ನಷ್ಟಕ್ಕೆ ತಾನೇ ಸಹಿ ಹಾಕಿತು. ಅಡಿಗೆ ಎರಡು ಗೆರೆ ಎಳೆಯಿತು. ನಡುವೆ ಮೂರು ಚುಕ್ಕೆ ಇಟ್ಟಿತು.

ನ್ಯಾಯಾಧೀಶರ ಮುಂದೆ ಮೂಲ ಪಂಚನಾಮೆ ತೆರೆದೇ ಇತ್ತು. ಅವರು ಈ ಕಾಗದ ನೋಡಿದರು, ಆ ಕಾಗದ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಅಂಬಿಕಾ ಮೇಡಂರನ್ನು ಹತ್ತಿರ ಕರೆದು ಎರಡನ್ನೂ ತೋರಿಸಿದರು. ಮೇಡಂ ತಮ್ಮ ಕೈಯಲ್ಲಿದ್ದ ಹತ್ತು ಪ್ರಶ್ನೆಗಳ ಹಾಳೆಯನ್ನೂ ಪಕ್ಕಕ್ಕಿಟ್ಟರು. ಮೂರರಲ್ಲೂ ಅವೇ ಎರಡು ಗೆರೆ, ಅವೇ ಮೂರು ಚುಕ್ಕೆ.

"ದತ್ತಪ್ಪ, ಕಟಕಟೆ ಹತ್ತಿ," ಎಂದರು ನ್ಯಾಯಾಧೀಶರು. "ಪ್ರಮಾಣ ಮಾಡಿ. ಬಾಯಲ್ಲೇ ಮಾಡಬೇಕು."

ದತ್ತಪ್ಪ ಮೊದಲು ಪಿಸುಗುಟ್ಟಿದ. "ಜೋರಾಗಿ," ಎಂದರು ನ್ಯಾಯಾಧೀಶರು. "ಇನ್ನೂ ಜೋರಾಗಿ," ಎಂದರು. "ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ" ಎಂದು ಕೊನೆಗೆ ಒದರಿದ.

"ಇದೇ ದನಿ!" ಕಸ್ತೂರಿಬಾಯಿ ಬೆಂಚಿನಿಂದ ಜಿಗಿದೆದ್ದಳು. "ಎರಡ್ ಹಣ್ಣು ಎತಗೊಂಡು ಹೋದಾವ! ಇವನೇ ರೀ ಸ್ವಾಮಿ ಪೀರಪ್ಪ!"

ಹಾಲಿನ ನಗೆ ಅಡಗಲು ಎರಡು ನಿಮಿಷ ಬೇಕಾಯಿತು. ಮೇಡಂ ಮಾತ್ರ ನಗಲಿಲ್ಲ. ಪಂಚನಾಮೆ ಹಿಡಿದು ಕಟಕಟೆ ಹತ್ತಿರ ಬಂದರು. "ಈ ಸಹಿ ನಿಮ್ದೇ ಹೌದಲ್ರಿ?"

ತಲೆ ಎತ್ತಿ 'ಹೌದು' ಎಂದು ಒಂದೇ ಮಾತು ಹೇಳಬೇಕು, ಹೇಳಿದರೆ ಕೆಲಸ ಮುಗಿಯಿತು ಎಂದು ಅವನು ಇಪ್ಪತ್ತಾರು ವರ್ಷ ಸಾಕ್ಷಿಗಳಿಗೆಲ್ಲ ಕಲಿಸಿದ್ದ. ಕಸ್ತೂರಿಬಾಯಿ ಸೆರಗು ಹಿಡಿದು ನಿಂತಿದ್ದಳು. ದತ್ತಪ್ಪನ ಕಣ್ಣಿಗೆ ಅವಳು ಬೀಳಲಿಲ್ಲ. ಕಂಡದ್ದು ವಾಂತಿಭೇದಿಯ ರಜೆ ಅರ್ಜಿ, ಸುಳ್ಳು ಹೆಸರು, ಬಡ್ತಿಯ ಫೈಲು.

"ನಂಗೇನೂ ಗೊತ್ತಿಲ್ರಿ," ಎಂದ. "ಈ ಸಹಿ ನಂದಲ್ಲ. ನನ್ನೆದುರು ಯಾವ ಜಪ್ತೀನೂ ಆಗಿಲ್ಲ."

ಅಮರನಾಥ ಅವನಿಗೆ ಭಕ್ತಿಯಿಂದ ಕೈ ಮುಗಿದ.

"ಸಾಕ್ಷಿ ಉಲ್ಟಾ ಹೊಡೆದಿದ್ದಾನೆ ಸ್ವಾಮಿ," ಎಂದರು ಅಂಬಿಕಾ ಮೇಡಂ. "ಪಾಟಿ ಸವಾಲಿಗೆ ಅನುಮತಿ ಬೇಕು." ಅನುಮತಿ ಸಿಕ್ಕಿತು. ಅವರು ಮುಂಜಾನೆಯ ಹಾಳೆ ಎತ್ತಿಕೊಂಡು ಮೊದಲನೇ ಪ್ರಶ್ನೆಯಿಂದ ಓದಲು ಶುರು ಮಾಡಿದರು.

ಎಷ್ಟು ಚೆನ್ನಾಗಿ ಬರೆದಿದ್ದ! ಎರಡನೆಯದಕ್ಕೆ ತೊದಲಿದ, ನಾಲ್ಕನೆಯದಕ್ಕೆ ತಾನು ಹೇಳಿದ್ದನ್ನೇ ತಾನು ಸುಳ್ಳೆಂದ. ಆರನೆಯದು ಬರುವಷ್ಟರಲ್ಲಿ ಮಫ್ಲರ್ ತೊಯ್ದು, ಗಂಟಲ ಸುಣ್ಣ ಉರಿಯಲು ಹತ್ತಿ, ಎದುರಿನ ಗೋಡೆ ತಿರುಗುತ್ತಿತ್ತು.

"ನೀರು... ಒಂದ್ ಗುಟುಕು ನೀರು ಕೊಡ್ರಿ..."

ಬುರ್ಹಾನುದ್ದೀನ್ ಪಾಪ, ತುಂಬಿದ ಲೋಟ ಹಿಡಿದು ಓಡಿ ಬಂದ. ಮೇಡಂ ಹಾಳೆಯಿಂದ ಕಣ್ಣು ತೆಗೆಯದೆ ಕೈ ಅಡ್ಡ ಹಿಡಿದರು.

"ಬ್ಯಾಡ ಬುರ್ಹಾನುದ್ದೀನ್. ಇಲ್ಲಿ ಹಿರಿಯರ ಷರಾ ಅದ."

ಅವನು ಲೋಟ ವಾಪಸು ಇಟ್ಟ. ಇನ್ನೂ ನಾಲ್ಕು ಪ್ರಶ್ನೆ ಬಾಕಿ ಇದ್ದವು.