ಮೂರನೇ ಗೋಲಿನ ಟೋಪಿ

ಲೆಸ್ಯಾ ಗಂಡ ಓರೆಸ್ಟನಿಗೆಂದು ಹೆಣೆದ ಹಸಿರು ಟೋಪಿಯ ನೆತ್ತಿಯ ಮೇಲೆ ಎಲೆಕೋಸಿನಷ್ಟು ದಪ್ಪದ ಉಣ್ಣೆಯ ಚೆಂಡಿತ್ತು. ಎಲ್ಲಕ್ಕೂ ಮೂಲ ಆ ಚೆಂಡು.

"ನಾಲ್ಕು ತಿಂಗಳು ಹೆಣೆದಿದ್ದೀನಿ. ಇವತ್ತು ಮ್ಯಾಚಿಗೆ ಇದನ್ನೇ ಹಾಕ್ಕೊಂಡು ಹೋಗ್ಬೇಕು, ಗೊತ್ತಾಯ್ತೇನ್ರೀ?" ಎಂದು ಹೇಳಿ ಅವಳು ಚರ್ಚಿನ ಹೆಂಗಸರ ಜೊತೆ ಪಿರೋಗಿ ಕಡುಬು ಮಾಡಲು ಹೋದಳು. ಹಳೆಯ ಟೋಪಿ ಆಗಲೇ ಅವಳ ಕೈಯಿಂದ ಒಲೆ ಸೇರಿತ್ತು.

ಓರೆಸ್ಟ್ ಅದನ್ನು ಹಾಕಿಕೊಂಡು ಕನ್ನಡಿ ನೋಡಿಕೊಂಡ. ಗೊಬ್ಬರದ ಗುಂಡಿಯ ಹುಂಜವೂ ಅವನಿಗಿಂತ ಗಂಭೀರವಾಗಿ ಕಾಣುತ್ತಿತ್ತು. ಬರಿದಲೆಯಲ್ಲಿ ಹೋಗೋಣವೆಂದರೆ ಹೊರಗೆ ಕಿವಿ ಉದುರುವ ಚಳಿ. ಪಕ್ಕದ ಗೂಟದಲ್ಲಿ ಮಾವ ಹ್ರಿಹೋರಿಯವರ ಕುರಿಮರಿ ಚರ್ಮದ ಬೂದು ಟೋಪಿ ತೂಗುತ್ತಿತ್ತು. ಅವರಪ್ಪ ಉಕ್ರೇನಿನಿಂದ ಹಡಗಿನಲ್ಲಿ ಹೊತ್ತು ತಂದದ್ದು. ಅದನ್ನು ಒಮ್ಮೆ ಮುಟ್ಟಿದ ತಪ್ಪಿಗೆ ಹಿರಿಯ ಅಳಿಯನ ಜೊತೆ ಅವರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಆದರೆ ಅದು ಬೇಕಾಗುವುದು ಸಂಜೆ ಆರರ ಪ್ರಾರ್ಥನೆಗೆ. ಈಗ ಮುಚ್ಚಿದ ಕೋಣೆಯಿಂದ ಗೊರಕೆ ಕೇಳುತ್ತಿತ್ತು.

'ಐದಕ್ಕೆಲ್ಲ ವಾಪಸ್ ಗೂಟಕ್ಕೆ' ಎಂದುಕೊಂಡು ಓರೆಸ್ಟ್ ಹಸಿರು ಟೋಪಿಯನ್ನು ಪಕ್ಕದ ಗೂಟಕ್ಕೆ ಸಿಕ್ಕಿಸಿ, ಮಾವನ ಟೋಪಿ ಏರಿಸಿ ಹೊರಟ.

ಎಪ್ಪತ್ತಾರನೇ ಇಸವಿಯ ಆ ಸೀಸನ್ನನ್ನು ಸ್ಪ್ರೂಸ್‌ಡೇಲಿನವರು ಮರೆಯುವುದು ಹೇಗೆ? ಮೊದಲ ಹತ್ತೊಂಬತ್ತು ಪಂದ್ಯಗಳನ್ನು ಸಾಲಾಗಿ ಸೋತಿದ್ದ ಊರಿನ ಐಸ್ ಹಾಕಿ ತಂಡ ಬ್ಯಾಜರ್ಸ್ ಹೇಗೋ ಎದ್ದು ಬಂದು, ಕೊನೆಯ ಪಂದ್ಯ ಗೆದ್ದರೆ ಹನ್ನೊಂದು ವರ್ಷದ ಮೇಲೆ ನಾಕೌಟ್ ಸುತ್ತು ಎಂಬಲ್ಲಿಗೆ ತಲುಪಿತ್ತು.

"ಏನೋ, ಬಿಷಪ್ ಥರ ಬಂದಿದ್ದೀಯ!" ಎಂದು ಧಾನ್ಯದ ಗೋದಾಮಿನ ಸಹೋದ್ಯೋಗಿ, ಮೆಟ್ರೋ ಎಂಬವನು, ಗ್ಯಾಲರಿಯಲ್ಲಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಇಂಥ ಟೋಪಿ ಐಸ್ ಮೇಲೆ ಬಿದ್ರೆ ಶೋಭೆ ಕಣೋ."

ಓರೆಸ್ಟ್ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡ. ಒಬ್ಬನೇ ಆಟಗಾರ ಮೂರು ಗೋಲು ಹೊಡೆದರೆ ಪ್ರೇಕ್ಷಕರೆಲ್ಲ ಟೋಪಿ ಎಸೆಯುವುದು ಪದ್ಧತಿ. ಎಸೆದದ್ದನ್ನು ಮತ್ತೆ ಕೇಳುವಂತಿಲ್ಲ.

ಬ್ಯಾಜರ್ಸ್‌ನ ಮೂವತ್ತಾರು ವರ್ಷದ ಆಟಗಾರ ಗಾರ್ನೆಟ್‌ನ ಮೊಣಕಾಲು ಹಳೇ ಬಾಗಿಲಿನಂತೆ ಕಿರುಗುಡುತ್ತಿದ್ದರೂ ಅಂದು ಅವನ ಮೈಮೇಲೆ ದೇವರು ಬಂದಿದ್ದ. ಮೊದಲ ಗೋಲಿಗೆ ಓರೆಸ್ಟ್ ಕುಣಿದ. ಎರಡನೆಯದಕ್ಕೆ ಟೋಪಿ ತೆಗೆದು ಕೋಟಿನೊಳಗೆ ತುರುಕಿದ.

"ಚಳಿ ಆಗಲ್ವೇನೋ?"

"ಸೆಖೆ," ಎಂದ ಓರೆಸ್ಟ್, ಹಲ್ಲು ಕಟಕಟಿಸುತ್ತಾ.

ಸ್ಕೋರು ಎರಡು-ಎರಡು. ಒಂದೇ ನಿಮಿಷ ಬಾಕಿ. 'ದೇವರೇ, ನಾವು ಗೆಲ್ಲಲಿ, ಗೋಲು ಮಾತ್ರ ಬೇರೆ ಯಾರಾದರೂ ಹೊಡೆಯಲಿ' ಎಂದು ಅವನು ಬೇಡಿಕೊಳ್ಳುತ್ತಿರುವಾಗಲೇ ಗಾರ್ನೆಟ್ ಬಿದ್ದಲ್ಲಿಂದಲೇ ಕೋಲು ಬೀಸಿದ. ರಬ್ಬರ್ ಬಿಲ್ಲೆ ಬಲೆಯೊಳಗೆ!

ಮುಂದೆ ಏನಾಯಿತೋ ಓರೆಸ್ಟನಿಗೆ ನೆನಪಿಲ್ಲ. ಎಚ್ಚರವಾದಾಗ ಕೋಟಿನ ಗುಂಡಿ ಬಿಚ್ಚಿತ್ತು, ಬಲಗೈ ಮೇಲಿತ್ತು, ಮಾವನ ಟೋಪಿ ಕೊಬ್ಬಿದ ಪಾರಿವಾಳದಂತೆ ಐಸಿನ ಕಡೆ ಹಾರುತ್ತಿತ್ತು.

"ಅಯ್ಯೋ!"

ಅಡ್ಡಗೋಡೆ ಹಾರಿದ. ಕಾಲೂರಿದ್ದೇ ಜಾರಿತು. ಹೊಟ್ಟೆಯ ಮೇಲೆ ಸೀಲ್ ಪ್ರಾಣಿಯಂತೆ ಜಾರುತ್ತಾ ನೂರಾರು ಟೋಪಿಗಳನ್ನು ಗುಡಿಸಿಕೊಂಡು ನೇರ ಬಲೆಯೊಳಕ್ಕೆ ಹೋದ. ನಾಲ್ಕನೇ ಗೋಲೆಂದು ಜನ ಚಪ್ಪಾಳೆ ತಟ್ಟಿದರು. ಅವನು ಬೂದು ಟೋಪಿಯನ್ನು ಎದೆಗವುಚಿಕೊಂಡು ಎದ್ದಾಗ ಮಾತ್ರ ಕ್ರೀಡಾಂಗಣ ಒಂದೇ ಕಂಠದಿಂದ ಕೂಗಿತು: "ಥೂ ಜಿಪುಣ! ಕೊಟ್ಟಿದ್ದನ್ನ ವಾಪಸ್ ತಗೊಳ್ತಾನೆ!"

ಬೈಗುಳವೂ ಅವನಿಗೆ ಜೋಗುಳದಂತೆ ಕೇಳಿಸಿತು. ತಂಡ ಗೆದ್ದಿತ್ತು, ಟೋಪಿ ಸಿಕ್ಕಿತ್ತು. ಮನೆಗೆ ಓಡಿ ಅದನ್ನು ಒರೆಸಿ ಗೂಟಕ್ಕೆ ಹಾಕಿದಾಗ ಐದಕ್ಕೆ ಇನ್ನೂ ಐದು ನಿಮಿಷವಿತ್ತು. ನೆಮ್ಮದಿಯ ಉಸಿರು ಬಿಟ್ಟು ಪಕ್ಕದ ಗೂಟ ನೋಡಿದ.

ಹಸಿರು ಟೋಪಿ ಇರಲಿಲ್ಲ. ಕೋಣೆಯಲ್ಲಿ ಮಾವನೂ ಇರಲಿಲ್ಲ.

ಹಿಂಬಾಗಿಲು ಮೆಲ್ಲನೆ ತೆರೆದುಕೊಂಡಿತು. 'ರಬ್ಬರ್ ಚೂರಿನ ಹಿಂದೆ ಓಡೋ ಕತ್ತೆಗಳು' ಎಂದು ಹಾಕಿಯನ್ನು ಜೀವಮಾನವೆಲ್ಲ ಜರೆದಿದ್ದ ಹ್ರಿಹೋರಿ ಬರಿದಲೆಯಲ್ಲಿ ಒಳಬಂದರು. ಕಿವಿಗಳು ಬೀಟ್‌ರೂಟಿನಷ್ಟು ಕೆಂಪು.

"ಗಾಳಿಗೆ... ಹೋಗಿದ್ದೆ ಕಣಪ್ಪ," ಎಂದರು. ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಓರೆಸ್ಟ್ ಬಾಯಿ ತೆರೆಯುವಷ್ಟರಲ್ಲಿ ಲೆಸ್ಯಾ ಬಂದಳು.

"ಪಿರೋಗಿ ಮಾಡ್ತಾ ರೇಡಿಯೊ ಕೇಳ್ತಿದ್ವಿ. ಯಾವನೋ ಪೆದ್ದ ಐಸ್ ಮೇಲೆ ಜಾರ್ಕೊಂಡು ಹೋಗಿ ಟೋಪಿ ವಾಪಸ್ ತಗೊಂಡನಂತೆ. ನಕ್ಕೂ ನಕ್ಕೂ ಸಾಕಾಯ್ತು. ಆಮೇಲೆ ಹೇಳಿದ್ರು, ಎಲ್ಲಕ್ಕಿಂತ ಮೊದಲು ಬಿದ್ದಿದ್ದು ಎಲೆಕೋಸಿನಂಥ ಚೆಂಡಿರೋ ಹಸಿರು ಟೋಪಿ ಅಂತ!" ಅವಳ ನಗು ನಿಂತಿತು. "ನನ್ನ ನಾಲ್ಕು ತಿಂಗಳು, ರೀ!"

ಓರೆಸ್ಟ್ ಮಾವನ ಕಡೆ ನೋಡಿದ. ಮಾವ ಗೂಟದಲ್ಲಿ ತೊಟ್ಟಿಕ್ಕುತ್ತಿದ್ದ ತಮ್ಮ ಟೋಪಿಯ ಕಡೆ ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿ ನಿಧಾನವಾಗಿ ತಲೆಯಾಡಿಸಿದರು.

"ಹೆಂಡ್ತಿ ಹೆಣೆದಿದ್ದನ್ನ ಯಾರಾದ್ರೂ ಎಸೀತಾರೇನಪ್ಪ?" ಎಂದರು, ಮುರಿದ ದನಿಯಲ್ಲಿ.

"ತಪ್ಪಾಯ್ತು," ಎಂದ ಓರೆಸ್ಟ್.

ಲೆಸ್ಯಾ ಆಗಲೇ ಉಣ್ಣೆಯ ಬುಟ್ಟಿ ಎಳೆದುಕೊಂಡಿದ್ದಳು. "ನಾಕೌಟ್ ಮ್ಯಾಚಿಗೆ ಇನ್ನೊಂದು ರೆಡಿ ಮಾಡ್ತೀನಿ. ಈ ಸಲ ಎರಡು ಚೆಂಡು. ಮತ್ತೆ ಎಸೆಯೋಕಾಗದ ಹಾಗೆ ಗದ್ದದ ಕೆಳಗೆ ಕಟ್ಟೋಕೆ ಲಾಡಿ!"